ಬಿಳಿ ಕಲ್ಲೋ, ಹೊಂಗೆ ಎಲೆಯೋ: ಕ್ಯಾತ್ಸಂದ್ರದ ಒಂದು ಮನೆತೋಟದ ಪ್ರಕರಣ

"ಕಲ್ಲು ಮಾಸಿ ಹೋಗಿವೆ ಕಣಪ್ಪ. ಹೊಸದು ಹಾಕಿಸಬೇಕು. ಎಷ್ಟಾಗುತ್ತೆ ಅಂತ ಒಂದ್ಸಲ ಬಂದು ನೋಡು" ಎಂದು ಮೇಷ್ಟ್ರು ಫೋನ್ ಮಾಡಿದ್ದು 2024ರ ಫೆಬ್ರುವರಿ ಕೊನೆಯಲ್ಲಿ. ತುಮಕೂರಿನ ಕ್ಯಾತ್ಸಂದ್ರದ ಆಚೆಗಿನ ಹೊಸ ಬಡಾವಣೆ. ಮನೆ ಕಟ್ಟಿ ಮೂರು ವರ್ಷವಾಗಿತ್ತು. ಗೃಹಪ್ರವೇಶದ ಹೊತ್ತಿಗೆ ಬೆಂಗಳೂರಿನಲ್ಲಿರುವ ಮಗ ಆಸೆಪಟ್ಟು ಗಿಡದ ಪಾತಿಗಳಿಗೆಲ್ಲ ಬಿಳಿ ಕಲ್ಲು ಹಾಸಿಸಿದ್ದರು. ನಾನು ಹೋಗಿದ್ದು ಅಳತೆ ತೆಗೆದು ಲೆಕ್ಕ ಹೇಳಿ ಬರಲು. ಆ ಅಳತೆಯ ಕೆಲಸ ಒಂದು ವರ್ಷ ಹಿಡಿಯಿತು. ಗಿಡದ ಬುಡಕ್ಕೆ ಹೊದಿಕೆಯಾಗಿ ಕಲ್ಲು ಒಳ್ಳೆಯದೋ ಎಲೆ ಒಳ್ಳೆಯದೋ ಎಂದು ಕೇಳುವವರು ನನಗೆ ವಾರಕ್ಕೊಬ್ಬರಾದರೂ ಸಿಗುತ್ತಾರೆ. ಅವರಿಗೆಲ್ಲ ಈ ಒಂದು ಮನೆಯಲ್ಲಿ ನಡೆದದ್ದನ್ನು ಪೂರ್ತಿ ಹೇಳಿಬಿಡುವುದೇ ಸರಿ ಅನ್ನಿಸಿ ಬರೆಯುತ್ತಿದ್ದೇನೆ.

ಅದು ಎಂಥ ಬೇಸಿಗೆ ಎಂಬುದನ್ನು ಮೊದಲು ಹೇಳಬೇಕು. 2023ರ ಮುಂಗಾರು ಕೈಕೊಟ್ಟಿತ್ತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರ ಘೋಷಿಸಿತ್ತು. ಮೇಷ್ಟ್ರ ಬಡಾವಣೆಗೆ ಬೋರ್‌ವೆಲ್ ನೀರೇ ಗತಿ, ಅದೂ ದಿನ ಬಿಟ್ಟು ದಿನ. ಪೈಪು ಹಿಡಿದು ಗಿಡಕ್ಕೆ ನೀರು ಬಿಡುತ್ತಿದ್ದರೆ ಬೀದಿಯಲ್ಲಿ ಕೊಡ ಹಿಡಿದು ಹೋಗುವವರ ಕಣ್ಣು ತಪ್ಪಿಸಬೇಕು, ಅಂಥ ದಿನಗಳು. ಹಾಗಾಗಿ ಪಾತಿಯ ಮೇಲೆ ಏನು ಮುಚ್ಚಬೇಕು ಎನ್ನುವುದು ಚೆಂದದ ಪ್ರಶ್ನೆಗಿಂತ ಮೊದಲು ನೀರಿನ ಪ್ರಶ್ನೆಯಾಗಿತ್ತು.

ಅಲ್ಲಿ ಕಂಡದ್ದು

ನಿವೇಶನ 40 ಅಡಿಗೆ 60 ಅಡಿ. ರಸ್ತೆ ಪಡುವಣಕ್ಕೆ. ಗೇಟಿನ ಪಕ್ಕ ಕಾಂಪೌಂಡಿಗೆ ಒರಗಿ 20 ಅಡಿ ಉದ್ದ, 5 ಅಡಿ ಅಗಲದ ಪಾತಿ. ಮಧ್ಯಾಹ್ನದ ಮೇಲೆ ಬಿಸಿಲೆಲ್ಲ ಅದರ ಮೇಲೇ. ಅಲ್ಲಿ ನರ್ಸರಿಯವರು ಇಕ್ಸೋರಾ ಎನ್ನುವ ಕೇಪಳದ ಆರು ಗಿಡ, ಎರಡು ದಾಸವಾಳ, ಒಂದು ದುಂಡುಮಲ್ಲಿಗೆ. ತೆಂಕಣ ಬದಿಗೆ 50 ಅಡಿ ಉದ್ದ, 4 ಅಡಿ ಅಗಲದ ಇನ್ನೊಂದು ಪಾತಿ. ಅದರಲ್ಲಿ ನಿಂಬೆ, ಕರಿಬೇವು, ನಂದಿಬಟ್ಟಲು. ಜೊತೆಗೆ ಮೇಷ್ಟ್ರ ತಾಯಿ, ಮನೆಯ ಅಜ್ಜಿಯ ಪ್ರಾಣವೇ ಆಗಿದ್ದ ಸಿದ್ದು ಹಲಸಿನ ಒಂದು ಸಸಿ. ಗುಬ್ಬಿ ತಾಲ್ಲೂಕಿನ ಚೇಳೂರಿನ ಮರದಿಂದ ಬಂದ, ತಾಮ್ರದ ಬಣ್ಣದ ತೊಳೆಯ ತಳಿ ಅದು. ನೈರುತ್ಯದ ಮೂಲೆಯಲ್ಲಿ ಕಳ್ಳಿ, ಲೋಳೆಸರ, ಪಟ್ಟೆ ಎಲೆಯ ಭೂತಾಳೆ.

ಮೂಲೆಯ ಕಳ್ಳಿ, ಭೂತಾಳೆ ನೋಡಿದರೆ ದೃಷ್ಟಿ ತಾಕುವಷ್ಟು ಚೆನ್ನಾಗಿದ್ದವು. ಉಳಿದ ಗಿಡಗಳು ಬದುಕಿದ್ದವು, ಅಷ್ಟೇ. ಕೇಪಳದ ಚಿಗುರೆಲೆಗಳು ಹಳದಿ, ನರ ಮಾತ್ರ ಹಸಿರು. ಮಲ್ಲಿಗೆ ಮೊಗ್ಗು ಕಾಳುಮೆಣಸಿನಷ್ಟಾಗಿ ಉದುರುತ್ತಿತ್ತು. ಕಳೆ ಬರಬಾರದೆಂದೇ ಕಲ್ಲು ಹಾಸಿದ್ದರೂ ಅದರ ಸಂದಿಯಲ್ಲಿ ಗರಿಕೆ, ಜೇಕು ಎರಡೂ ನಗುತ್ತಿದ್ದವು. ಮೂರು ವರ್ಷದ ಧೂಳು, ಉದುರಿದ ಎಲೆ ಕಲ್ಲಿನ ನಡುವೆ ಕೂತು ಅಲ್ಲೇ ಒಂದು ತೆಳು ಮಣ್ಣಾಗಿತ್ತು. ಗಾಳಿಗೆ ಬಂದ ಬೀಜಕ್ಕೆ ಅಷ್ಟು ಸಾಕು. ಜೇಕಿಗಂತೂ ಅದೂ ಬೇಡ. ಗಡ್ಡೆಯಿಂದ ಹೊರಡುವ ಮೊಳಕೆ ಸೂಜಿಯಂತೆ ಪ್ಲಾಸ್ಟಿಕ್ ಹಾಳೆಯನ್ನೇ ತೂತು ಮಾಡಿಕೊಂಡು ಮೇಲೆ ಬರುತ್ತದೆ.

ಹೌದು, ಕಲ್ಲಿನ ಕೆಳಗೆ ಪ್ಲಾಸ್ಟಿಕ್ ಇತ್ತು. ನಾನು ಎರಡು ಅಡಿ ಜಾಗದಲ್ಲಿ ಕಲ್ಲು ಸರಿಸಿದಾಗ ಕಪ್ಪು ಹಾಳೆ ಸಿಕ್ಕಿತು. ಪ್ರತಿ ಗಿಡದ ಬುಡಕ್ಕೂ ಅಂಗೈಯಗಲ ಕತ್ತರಿಸಿ ಬಿಟ್ಟಿದ್ದರು. ಪೈಪಿನ ನೀರು ಹಾಳೆಯ ಮೇಲೆ ಹರಿದು ಕಾಂಪೌಂಡಿನ ಬುಡ ಸೇರುತ್ತಿತ್ತು. ಹಾಳೆ ಎತ್ತಿದರೆ ಕೆಳಗೆ ಇಟ್ಟಿಗೆಯಂಥ ಮಣ್ಣು, ಅದರ ಮೇಲೆ ಬಿಳಿ ಉಪ್ಪಿನ ಪೊರೆ, ಒಂದು ಎರೆಹುಳುವೂ ಇಲ್ಲ. ಬೇರುಗಳೆಲ್ಲ ಆ ಅಂಗೈಯಗಲದ ಕಿಂಡಿಯ ಕೆಳಗೇ ಸಿಂಬಿ ಸುತ್ತಿಕೊಂಡು ಕೂತಿದ್ದವು. ಮೂರು ವರ್ಷ ಆ ಗಿಡಗಳು ಕುಂಡದಲ್ಲಿ ಬದುಕಿದಂತೆ ಬದುಕಿದ್ದವು. ನೋಡಿ ನನಗೆ ನಿಜಕ್ಕೂ ಸಂಕಟವಾಯಿತು.

ಆಮೇಲೆ ಕಲ್ಲಿನ ಸರದಿ. ಅಡುಗೆಮನೆಯಿಂದ ಒಂದು ನಿಂಬೆಹಣ್ಣು ತರಿಸಿ, ಒಂದು ಕಲ್ಲನ್ನು ಒಡೆದು, ಒಡೆದ ಮೈಮೇಲೆ ಹಿಂಡಿದೆ. ಸಣ್ಣ ಸಣ್ಣ ಗುಳ್ಳೆ ಎದ್ದವು. ಬೆಣಚುಕಲ್ಲಾಗಿದ್ದರೆ, ನಮ್ಮ ಊರಿನ ಕಗ್ಗಲ್ಲಾಗಿದ್ದರೆ ಗುಳ್ಳೆ ಏಳುವುದಿಲ್ಲ. ಇದು ಅಮೃತಶಿಲೆಯ ಚೂರು, ಅಂದರೆ ಸುಣ್ಣದ ಕಲ್ಲು. ಕೇಪಳ ಹುಳಿ ಮಣ್ಣು ಬಯಸುವ ಗಿಡ. ಮನೆ ಕಟ್ಟುವಾಗ ಉಳಿದ ಸಿಮೆಂಟು, ಗಾರೆ ಎಲ್ಲ ಆ ಪಾತಿಯಲ್ಲೇ ಹೂತಿತ್ತು. ಬೋರಿನ ಗಡಸು ನೀರು. ಮೇಲಿಂದ ಸುಣ್ಣದ ಕಲ್ಲು. ಮಣ್ಣು ಕ್ಷಾರವಾದರೆ ಅದರಲ್ಲಿ ಕಬ್ಬಿಣ ಇದ್ದರೂ ಬೇರಿಗೆ ದಕ್ಕುವುದಿಲ್ಲ. ಚಿಗುರು ಹಳದಿ, ನರ ಹಸಿರು ಎನ್ನುವುದು ಆ ಕೊರತೆಯ ಗುರುತು. ನಮ್ಮ ಜಿಲ್ಲೆಯಲ್ಲಿ ಹಿರೇಹಳ್ಳಿಯಲ್ಲೂ ತಿಪಟೂರಿನ ಕೊನೇಹಳ್ಳಿಯಲ್ಲೂ ಕೃಷಿ ವಿಜ್ಞಾನ ಕೇಂದ್ರಗಳಿವೆ. ಮನೆತೋಟಕ್ಕೆ ಯಾಕೆ ಮಣ್ಣು ಪರೀಕ್ಷೆ ಎಂದು ಹಿಂಜರಿಯಬೇಡಿ. ಮೇಷ್ಟ್ರು ಮಾಡಿಸಿದರು. ಮಣ್ಣಿನ ಹುಳಿ-ಕ್ಷಾರದ ಅಳತೆಯಾದ ರಸಸಾರ (ಪಿಎಚ್) 8 ದಾಟಿತ್ತು, ಸಾವಯವ ಇಂಗಾಲ ಶೇ 0.5ಕ್ಕಿಂತ ಕೆಳಗೆ. ಪರೀಕ್ಷೆಯ ಲೆಕ್ಕದಲ್ಲಿ ಅದು 'ಕಡಿಮೆ'.

ಮನೆಯವರ ಮಾತು

ಮೂವರದು ಮೂರು ಅಭಿಪ್ರಾಯ. ಮೇಷ್ಟ್ರಿಗೆ ಒಮ್ಮೆ ಹಾಕಿದರೆ ಹತ್ತು ವರ್ಷ ತಿರುಗಿ ನೋಡುವಂತಿರಬಾರದು. ಅವರ ಹೆಂಡತಿಗೆ, ಅಂದರೆ ನಾನು ಅಮ್ಮ ಎನ್ನುವವರಿಗೆ, ಕಸ ಕಾಣಬಾರದು, ಹಾವು ಸೇರಬಾರದು. "ತರಗು ಹಾಕಿದ್ರೆ ಸಾಯಂಕಾಲ ಹೂ ಕೀಳೋಕೆ ಕಾಲಿಡೋಕೆ ಭಯ ಆಗುತ್ತಪ್ಪ" ಎಂದರು. ಮೇಷ್ಟ್ರ ತಾಯಿ ತಿಪಟೂರಿನ ಕಡೆಯವರು, ತೆಂಗಿನ ತೋಟದಲ್ಲಿ ಬೆಳೆದವರು. ಅವರದು ಒಂದೇ ಮಾತು: "ಊರ್ ತುಂಬಾ ಮಟ್ಟೆ ಬಿದ್ದೈತೆ, ಕಲ್ಲಿಗೆ ಯಾಕ್ ದುಡ್ಡು ಕೊಡ್ತೀರಾ?"

ಮೇಷ್ಟ್ರ ಬೇಡಿಕೆಯನ್ನು ನಾನು ಹಗುರಾಗಿ ತೆಗೆದುಕೊಳ್ಳಲಿಲ್ಲ. ಕಲ್ಲಿನ ಹೊದಿಕೆ ಹುಸಿಯೇನೂ ಅಲ್ಲ. ಚೀನಾದ ಗಾನ್ಸು ಎಂಬ ಒಣ ಪ್ರಾಂತ್ಯದಲ್ಲಿ ಹೊಲಕ್ಕೆ ಜಲ್ಲಿ, ಮರಳು ಹಾಸಿ ಕಲ್ಲಂಗಡಿ ಬೆಳೆಯುವುದು ಶತಮಾನಗಳ ರೂಢಿ. ನಮ್ಮಲ್ಲೂ ಹೊಲದ ಸಣ್ಣ ಕಲ್ಲನ್ನೆಲ್ಲ ಆಯ್ದು ಬಿಸಾಡಬೇಡ, ತೇವ ಹಿಡಿಯುತ್ತೆ ಎಂದು ನಮ್ಮಪ್ಪ ಹೇಳುತ್ತಿದ್ದರು. ಕಲ್ಲು ಕೊಳೆಯದು, ತೇಲದು, ಹತ್ತಿ ಉರಿಯದು. ಈ ಮನೆಯ ಒಣಗಿದ ಮಣ್ಣಿಗೆ ಕಾರಣ ಪ್ಲಾಸ್ಟಿಕ್, ಹಳದಿ ಎಲೆಗೆ ಕಾರಣ ಸುಣ್ಣ. ಪ್ಲಾಸ್ಟಿಕ್ ತೆಗೆದು, ಅಮೃತಶಿಲೆಯ ಬದಲು ಕಗ್ಗಲ್ಲಿನ ಜಲ್ಲಿ ಹಾಕಿದರೆ ಸಾಲದೇ? ಸಾಲಬಹುದು ಎಂದೇ ನನಗೂ ಅನ್ನಿಸಿತ್ತು. ಆದ್ದರಿಂದ ಪಡುವಣ ಪಾತಿಯಲ್ಲಿ ಒಂದು ಬೇಸಿಗೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋಣ ಎಂದೆ. ಮೇಷ್ಟ್ರು ವಿಜ್ಞಾನ ಪಾಠ ಮಾಡಿದವರು, ತಕ್ಷಣ ಒಪ್ಪಿದರು.

ಒಂದು ಬೇಸಿಗೆಯ ಪರೀಕ್ಷೆ

ಕಲ್ಲು ಎತ್ತುವುದೇ ಒಂದು ಕಥೆ. 300 ಚದರಡಿಗೆ ಮೂರಿಂಚು ಅಂದರೆ 75 ಘನ ಅಡಿ, ಮೂರು ಟನ್ನಿಗೆ ಹತ್ತಿರದ ತೂಕ. ಹಾಕುವಾಗ ಟ್ರ್ಯಾಕ್ಟರ್ ಸುರಿದು ಹೋಗಿತ್ತು, ಅರ್ಧ ದಿನದ ಕೆಲಸ. ತೆಗೆಯುವಾಗ ಇಬ್ಬರು ಆಳು, ಬಾಂಡ್ಲಿ, ಜರಡಿ, ನಾಲ್ಕು ದಿನ. ಆದರೂ ಮಣ್ಣಿಗೆ ಸೇರಿದ ಚೂರುಗಳೆಲ್ಲ ಬರಲಿಲ್ಲ. ಇವತ್ತಿಗೂ ಗುದ್ದಲಿಗೆ ಟಣ್ಣೆನ್ನುತ್ತವೆ. ಕಲ್ಲಿನ ಕೆಳಗೆ ಎರಡು ಚೇಳು ಸಿಕ್ಕವು. ಹುಳುಹುಪ್ಪಟೆ ಎಲೆಗೇ ಸೇರುತ್ತವೆ, ಕಲ್ಲಿಗಲ್ಲ ಎಂದುಕೊಂಡಿದ್ದ ಅಮ್ಮ ಅವತ್ತು ಸುಮ್ಮನೆ ನಿಂತು ನೋಡಿದರು.

ಎಲೆಗೆ ನಾವು ಎಲ್ಲಿಗೂ ಹೋಗಬೇಕಾಗಲಿಲ್ಲ. ಶಿವರಾತ್ರಿಯ ಆಚೀಚೆ ಹೊಂಗೆ ಮರ ಎಲೆ ಉದುರಿಸುತ್ತದೆ, ಯುಗಾದಿಯ ಹೊತ್ತಿಗೆ ಹೊಸ ಹಸಿರು. ಬೇಸಿಗೆ ಬಿಸಿಲು ಏರುವ ಮುಂಚೆ ಮರವೇ ನೆಲಕ್ಕೆ ಹೊದಿಕೆ ಹಾಕಿಕೊಳ್ಳುವ ಕಾಲ ಅದು. ಆ ಬಡಾವಣೆಯ ರಸ್ತೆಗಳ ಇಕ್ಕೆಲಕ್ಕೂ ಹೊಂಗೆ. ಬೆಳಿಗ್ಗೆ ಗುಡಿಸಿ, ಗುಡ್ಡೆ ಮಾಡಿ, ಬೆಂಕಿ ಇಡುತ್ತಿದ್ದರು. ಹೊಂಗೆ ದ್ವಿದಳ ಜಾತಿಯ ಮರ, ಅದರ ಎಲೆಯಲ್ಲಿ ಸಾರಜನಕ ಉಂಟು. ನಮ್ಮ ಹಿರಿಯರು ಹಸಿರೆಲೆ ಗೊಬ್ಬರಕ್ಕೆ ಹೊಂಗೆ ಸೊಪ್ಪು ತುಳಿದದ್ದು ಸುಮ್ಮನೆ ಅಲ್ಲ. ಮಣ್ಣು ಹಸಿದು ಕೂತಿರುವಾಗ ಅದರ ಅನ್ನವನ್ನು ಬೀದಿಯಲ್ಲಿ ಸುಟ್ಟು ಮಕ್ಕಳಿಗೆ ಹೊಗೆ ಕುಡಿಸುವುದನ್ನು ನೋಡಿದಾಗಲೆಲ್ಲ ನನಗೆ ಕೋಪ ಬರುತ್ತದೆ. ಗುಡಿಸುವವರ ಹತ್ತಿರ ಮಾತಾಡಿದೆವು. ಸುಡುವ ಬದಲು ಚೀಲಕ್ಕೆ ತುಂಬಿಕೊಟ್ಟರು.

ಯುಗಾದಿಗೆ ಪಾತಿ ಸಿದ್ಧವಾಯಿತು. ಗೇಟಿನ ಕಡೆಯ ಮೂರಡಿ ಬರಿ ಮಣ್ಣು. ನಡುವಿನ ಭಾಗಕ್ಕೆ 20 ಎಂಎಂ ಕಗ್ಗಲ್ಲಿನ ಜಲ್ಲಿ ಎರಡಿಂಚು, ಕೆಳಗೆ ಯಾವ ಹಾಳೆಯೂ ಇಲ್ಲ. ಉಳಿದ ಭಾಗಕ್ಕೆ ಮೊದಲು ಸಗಣಿ ಬಗ್ಗಡ ಚಿಮುಕಿಸಿ, ಮೇಲೆ ನಾಲ್ಕಿಂಚು ಹೊಂಗೆ ತರಗು, ಅದು ಹಾರದಂತೆ ಕೊಚ್ಚಿದ ಎಳನೀರು ಬುರುಡೆ. ಮೂರಕ್ಕೂ ಒಂದೇ ಲೆಕ್ಕದ ಬಿಂದಿಗೆ ನೀರು.

ಬರಿ ಮಣ್ಣಿನ ಭಾಗ ಎರಡನೇ ದಿನಕ್ಕೇ ಬೆರಳಿಗೆ ಪುಡಿಯಾಗಿ ಸಿಗುತ್ತಿತ್ತು. ಕಲ್ಲಿನ ಕೆಳಗೂ ಎಲೆಯ ಕೆಳಗೂ ನಾಲ್ಕನೇ ದಿನವೂ ಬೆರಳಿನ ಎರಡನೇ ಗೆಣ್ಣಿನಷ್ಟು ಆಳದಲ್ಲಿ ತಂಪು. ಮೂರು ವಾರ ಇವೆರಡರ ನಡುವೆ ನನಗೆ ವ್ಯತ್ಯಾಸವೇ ಕಾಣಲಿಲ್ಲ. ತೇವ ಉಳಿಸುವುದರಲ್ಲಿ ಕಲ್ಲು ಸೋಲಲಿಲ್ಲ. ಇದನ್ನು ಬಚ್ಚಿಟ್ಟರೆ ತಪ್ಪಾಗುತ್ತದೆ.

ವ್ಯತ್ಯಾಸ ಮೊದಲು ಕಂಡದ್ದು ಗಿಡದ ಮೈಮೇಲೆ. ಜಲ್ಲಿಯ ಝಳ ಮೇಲೆದ್ದು ಕೇಪಳದ ಕೆಳಗಿನ ಎಲೆಗಳ ಅಂಚು ಸುಟ್ಟಿತ್ತು. ರಾತ್ರಿ ಎಂಟಕ್ಕೆ ಅಂಗೈ ಇಟ್ಟರೂ ಕಲ್ಲು ಬೆಚ್ಚಗೇ ಇರುತ್ತಿತ್ತು. ಪಕ್ಕದಲ್ಲಿ ಸಿಮೆಂಟಿನ ಕಾಂಪೌಂಡು, ಅದೂ ಕಾದದ್ದೇ. ಹಗಲಿಡೀ ಬೆಂದ ಗಿಡಕ್ಕೆ ರಾತ್ರಿಯೂ ಬಿಡುವಿಲ್ಲ.

ಎರಡನೆಯದು ಕಂಡದ್ದು ಭರಣಿ ಮಳೆಯ ಕಾಲಕ್ಕೆ, ಮೇ ತಿಂಗಳಲ್ಲಿ. ಮೊದಲ ಹದ ಮಳೆ ಬಿದ್ದ ನಾಲ್ಕು ದಿನಕ್ಕೆ ಎರಡೂ ಕಡೆ ಅಗೆದೆ. ಕಲ್ಲಿನ ಕೆಳಗೆ ಒದ್ದೆ ಮಣ್ಣು, ಆದರೆ ಅದೇ ಗಟ್ಟಿ ಕೆಂಪು ಮಣ್ಣು, ಫೆಬ್ರುವರಿಯಲ್ಲಿ ಹೇಗಿತ್ತೋ ಹಾಗೆ. ಎಲೆಯ ಕೆಳಗಿನ ತಳಪದರ ಕಪ್ಪಾಗಿ, ಬಿಳಿ ಬೂಷ್ಟಿನ ಎಳೆ ಹಬ್ಬಿ, ಮೇಲಿನ ಒಂದಿಂಚು ಮಣ್ಣು ರಾಗಿ ಹುಡಿಹಿಟ್ಟಿನಂತೆ ಉದುರಾಗಿತ್ತು. ಒಂದು ಹಿಡಿ ಎತ್ತಿದರೆ ಮೂರು ಎರೆಹುಳು. ಮೇಷ್ಟ್ರು ಆ ಹಿಡಿ ಮಣ್ಣನ್ನು ತಮ್ಮ ಅಂಗೈಗೆ ಹಾಕಿಸಿಕೊಂಡು ಬಹಳ ಹೊತ್ತು ಮೂಸಿದರು. ತೀರ್ಮಾನ ಆದದ್ದು ಅಲ್ಲೇ. ಕಲ್ಲು, ಎಲೆ ಎರಡೂ ನೀರು ಕಾಪಾಡಿದ್ದವು, ಆದರೆ ಮಣ್ಣು ಮಾಡಿದ್ದು ಎಲೆ ಮಾತ್ರ. ಮನೆ ಕಟ್ಟಿದ ಅವಶೇಷವೇ ತುಂಬಿರುವ, ಇಂಗಾಲವಿಲ್ಲದ ನೆಲದಲ್ಲಿ ಬೇಕಾಗಿದ್ದುದೂ ಅದೇ. ಕಲ್ಲು ಮಣ್ಣನ್ನು ಇದ್ದ ಹಾಗೆ ಕಾಪಾಡುತ್ತದೆ. ಇಲ್ಲಿ ಇದ್ದ ಹಾಗೆ ಕಾಪಾಡುವಂಥದ್ದು ಏನೂ ಇರಲಿಲ್ಲ.

ಇನ್ನೊಂದು ಕಾರಣ ನನ್ನ ಮನಸ್ಸಿನಲ್ಲಿ ಆ ನಾಲ್ಕು ದಿನದ ಕೂಲಿಯಿಂದಲೇ ಕೂತಿತ್ತು. ಎಲೆ ಹಾಕಿ ಸರಿಬರದಿದ್ದರೆ ಒಂದು ಗಂಟೆಯಲ್ಲಿ ಬಾಚಿ ತೆಗೆಯಬಹುದು. ಕಲ್ಲು ಹಾಗಲ್ಲ. ಮಣ್ಣಿನ ಗುಣ ಗೊತ್ತಿಲ್ಲದ ಹೊಸ ಮನೆಯಲ್ಲಿ ಮೊದಲ ಎರಡು ವರ್ಷವಾದರೂ ತೆಗೆಯಲಾಗುವಂಥದ್ದನ್ನೇ ಹಾಕಬೇಕು ಎಂದು ಈಗ ನಾನು ಎಲ್ಲರಿಗೂ ಹೇಳುತ್ತೇನೆ.

ಎಲ್ಲಿ ಏನು ಹಾಕಿದೆವು

ಎರಡೂ ಪಾತಿಗೆ ತರಗು ಮತ್ತು ಕೊಚ್ಚಿದ ಬುರುಡೆ. ಬುರುಡೆ ಕೊಚ್ಚಲೇಬೇಕು, ಇಡಿಯಾಗಿ ಬಿಟ್ಟರೆ ಮಳೆನೀರು ನಿಂತು ಡೆಂಗಿ ಸೊಳ್ಳೆಗೆ ತೊಟ್ಟಿಲಾಗುತ್ತದೆ. ಹಲಸಿನ ಸಸಿಯಿಂದ ನಾಲ್ಕಡಿ ದೂರಕ್ಕೆ ಒಂದು ಗುಂಡಿ ತೋಡಿ, ಕಾಯಿ ಸುಲಿದ ಮಟ್ಟೆಯನ್ನು ಒಳಮೈ ಮೇಲಾಗಿ ಸಾಲುಸಾಲಾಗಿ ಜೋಡಿಸಿ, ಮೇಲೆ ಮಣ್ಣು ಮುಚ್ಚಿದೆವು. ಹೂಳುವಾಗ ಒಳಮೈ ಮೇಲೆ, ನೆಲದ ಮೇಲೆ ಹಾಸುವಾಗ ಬೆನ್ನು ಮೇಲೆ. ಅಜ್ಜಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಅವರೇ ಕುರ್ಚಿ ಹಾಕಿಕೊಂಡು ಕೂತು ಜೋಡಿಸಿದರು. ಮಟ್ಟೆ ತನ್ನ ತೂಕದ ಮೂರರಿಂದ ಐದು ಪಟ್ಟು ನೀರು ಹಿಡಿಯುತ್ತದೆ. ಹೂತದ್ದು ಐದಾರು ವರ್ಷ ಕೆಲಸ ಮಾಡುತ್ತದೆ.

ನಾರಿನ ಕಾರ್ಖಾನೆಯ ಹೊಟ್ಟು, ಅಂದರೆ ಕೊಕೊಪಿಟ್, ಟ್ರ್ಯಾಕ್ಟರ್‌ಗಟ್ಟಲೆ ಅಗ್ಗಕ್ಕೆ ಸಿಗುತ್ತದೆ, ಅದನ್ನೇ ಹಾಸಿಬಿಡೋಣವೇ ಎಂದು ಮೇಷ್ಟ್ರು ಕೇಳಿದರು. ಹಸಿ ಹೊಟ್ಟು ಬೇಡವೆಂದೆ. ಅದರಲ್ಲಿ ಉಪ್ಪು, ಒಗರು ಎರಡೂ ಇರುತ್ತವೆ. ಇಂಗಾಲ ಸಾರಜನಕದ ನೂರು ಪಟ್ಟಿನಷ್ಟು. ಮಣ್ಣಿಗೆ ಬೆರೆಸಿದರೆ ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಗಿಡದ ಪಾಲಿನ ಸಾರಜನಕವನ್ನೇ ಕಿತ್ತುಕೊಳ್ಳುತ್ತವೆ. ಚೆನ್ನಾಗಿ ತೊಳೆದು ಕೊಳೆಸಿದ ಮೇಲೆ ಅದು ಬಂಗಾರ. ತರಗಾದರೂ ಅಷ್ಟೇ, ಮೇಲೆ ಹಾಸಬೇಕು, ಅಗೆದು ಸೇರಿಸಬಾರದು. ರಾಗಿ ಹುಲ್ಲಿನ ಮಾತೂ ಬಂತು. ಬರದ ವರ್ಷದಲ್ಲಿ ದನದ ಬಾಯಿಯ ಹುಲ್ಲನ್ನು ಕೇಪಳದ ಬುಡಕ್ಕೆ ಹಾಕಲು ನನಗೆ ಮನಸ್ಸಾಗಲಿಲ್ಲ.

ಕಲ್ಲಿಗೂ ಜಾಗ ಸಿಕ್ಕಿತು. ಕಳ್ಳಿ, ಭೂತಾಳೆಯ ಮೂಲೆಯಲ್ಲಿ ಬಿಳಿ ಕಲ್ಲು ಹಾಗೇ ಉಳಿಯಿತು, ಕೆಳಗಿನ ಪ್ಲಾಸ್ಟಿಕ್ ಮಾತ್ರ ತೆಗೆದೆವು. ಮನೆ ಗೋಡೆಯ ಬುಡಕ್ಕೆ ಒಂದೂವರೆ ಅಡಿ ಅಗಲ ಪೂರ್ತಿ ಕಲ್ಲೇ: ಗೆದ್ದಲು ಎಲೆಯಿಂದ ನೇರವಾಗಿ ಬಾಗಿಲ ಚೌಕಟ್ಟಿಗೆ ಹತ್ತಬಾರದು, ಮಳೆಗೆ ಕೆಸರು ಗೋಡೆಗೆ ಸಿಡಿಯಬಾರದು. ತಾರಸಿಯ ಪೈಪು ಬೀಳುವಲ್ಲಿ 40 ಎಂಎಂ ಜಲ್ಲಿ. ಮಿಕ್ಕ ಬಿಳಿ ಕಲ್ಲು ಕಾರು ನಿಲ್ಲಿಸುವ ಜಾಗದ ಇಂಗುಗುಂಡಿಗೆ ಹೋಯಿತು.

ಎಡವಿದ ಕಡೆಗಳು

ಗೆದ್ದಲು ಜೂನ್‌ನಲ್ಲೇ ಬಂತು. ತರಗಿನೊಳಗೆ ಮಣ್ಣಿನ ಸುರಂಗ ಕಂಡು ಅಮ್ಮ ಗಾಬರಿಯಾಗಿ ಫೋನ್ ಮಾಡಿದರು. ಹೋಗಿ ನೋಡಿದರೆ ಒಣಗಿದ ಬುರುಡೆ ಚೂರು, ಹಲಸಿನ ಸಸಿಗೆ ಕಟ್ಟಿದ್ದ ಒಣ ಗೂಟ ತಿಂದಿತ್ತು, ಗಿಡ ಮುಟ್ಟಿರಲಿಲ್ಲ. ಗೂಟ ಕಿತ್ತು, ಬೇವಿನ ಹಿಂಡಿ ಎರಚಿ, ವಾರಕ್ಕೊಮ್ಮೆ ತರಗು ಕೆದಕಲು ಹೇಳಿದೆ. ಪೂರ್ತಿ ಹೋಗಿಲ್ಲ, ಹೋಗುವುದೂ ಇಲ್ಲ. ಗೋಡೆಯ ಬುಡದ ಕಲ್ಲಿನ ಪಟ್ಟಿ ದಾಟಿ ಬಂದರೆ ಸುರಂಗ ಕಣ್ಣಿಗೆ ಕಾಣುತ್ತದೆ. ಆ ಪಟ್ಟಿಯ ಉಪಯೋಗ ಅದು.

ಅಕ್ಟೋಬರಿನ ಜೋರು ಮಳೆಗೆ ಬುರುಡೆ ಚೂರೆಲ್ಲ ತೇಲಿಕೊಂಡು ಹೋಗಿ ಗೇಟಿನ ಬಳಿಯ ತೂಬಿಗೆ ಕಟ್ಟಿಕೊಂಡವು. ಜಗಲಿಯ ಮೆಟ್ಟಿಲವರೆಗೆ ನೀರು ನಿಂತಿತು. ತೆಂಗಿನ ಮಟ್ಟೆ ತೇಲುತ್ತದೆ ಎಂಬುದು ಈ ಜಿಲ್ಲೆಯಲ್ಲಿ ಹುಟ್ಟಿದ ನನಗೆ ಹೊಳೆಯಬೇಕಿತ್ತು. ಪಾತಿಯ ಅಂಚಿಗೆ ಒಂದು ಇಟ್ಟಿಗೆ ಎತ್ತರದ ಕಟ್ಟೆ ಕಟ್ಟಿದೆವು. ದೀಪಾವಳಿಯ ರಾತ್ರಿ ಹೂಕುಂಡದ ಕಿಡಿಯೊಂದು ತರಗಿಗೆ ಬಿದ್ದು, ಉರಿಯದೆ ಒಳಗೊಳಗೇ ಬೆಳಗಿನವರೆಗೆ ಹೊಗೆಯಾಡಿತು. ನಾರಿಗೆ ಕಿಡಿ ತಾಗಿದರೆ ಹೀಗೇ, ಮೇಲೆ ಗೊತ್ತೇ ಆಗುವುದಿಲ್ಲ. ಈಗ ಹಬ್ಬದ ಹಿಂದಿನ ದಿನ ಪಾತಿಯನ್ನು ಚೆನ್ನಾಗಿ ನೆನೆಸುವುದು, ಪಟಾಕಿ ಆಚೆ ಬೀದಿಯಲ್ಲಿ ಎಂದು ನಿಶ್ಚಯವಾಗಿದೆ.

ನನಗೆ ಹೆಚ್ಚು ನೋವಾದದ್ದು ನಿಂಬೆಗಿಡದ್ದು. ಅಜ್ಜಿ ಪ್ರೀತಿಯಿಂದ ದಿನವೂ ಒಂದೊಂದು ಹಿಡಿ ತರಗು ತಂದು ಕಾಂಡಕ್ಕೇ ಒತ್ತಿ ಒಟ್ಟುತ್ತಿದ್ದರು. ಕಾಂಡದಿಂದ ಅರ್ಧ ಅಡಿ ಬಿಡಬೇಕು ಎಂದು ನಾನು ಮೇಷ್ಟ್ರಿಗೆ ಹೇಳಿದ್ದೆ, ಅಜ್ಜಿಗೆ ಹೇಳಿರಲಿಲ್ಲ. ಮಳೆಗಾಲದಲ್ಲಿ ಎರಡು ತಿಂಗಳು ನಾನು ಆ ಕಡೆ ಹೋಗಲೂ ಇಲ್ಲ. ಹೋದಾಗ ಬುಡದ ತೊಗಟೆ ಬಿರಿದು ಅಂಟು ಸೋರುತ್ತಿತ್ತು. ಒದ್ದೆ ತರಗು ಕಾಂಡಕ್ಕೆ ಅಂಟಿ ಕೂತರೆ ನಿಂಬೆ ಜಾತಿಗೆ ಬರುವ ಬುಡ ಕೊಳೆ ಅದು. ತರಗು ಸರಿಸಿ, ಕೊಳೆತ ತೊಗಟೆ ಹೆರೆದು, ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ಮುಲಾಮು ಬಳಿದೆ. ಗಿಡ ಉಳಿಯಿತು, ಒಂದು ಕೊಂಬೆ ಹೋಯಿತು. ತಪ್ಪು ಅಜ್ಜಿಯದಲ್ಲ. ಪಾತಿಯ ಹತ್ತಿರ ದಿನವೂ ಇರುವವರು ಯಾರೋ ಅವರಿಗೇ ನಾನು ಹೇಳಬೇಕಿತ್ತು.

ಹಾವು ಇದುವರೆಗೆ ಕಂಡಿಲ್ಲ. ಕಾಣುವುದೇ ಇಲ್ಲ ಎಂದು ನಾನು ಅಮ್ಮನಿಗೆ ಮಾತು ಕೊಟ್ಟಿಲ್ಲ. ಗುಡ್ಡೆ ಹಾಕದೆ ತೆಳ್ಳಗೆ ಹರಡಿ, ಕೈ ಹಾಕುವ ಮುಂಚೆ ಕೋಲಿನಿಂದ ಒಮ್ಮೆ ಕೆದಕಿ, ಕತ್ತಲಾದ ಮೇಲೆ ಟಾರ್ಚ್ ಹಿಡಿಯಿರಿ ಎಂದಿದ್ದೇನೆ.

ಒಂದು ವರ್ಷದ ಮೇಲೆ

2025ರ ಶಿವರಾತ್ರಿಗೆ ಹೋದಾಗ ನಾಲ್ಕಿಂಚಿನ ತರಗು ಒಂದಿಂಚಿಗೆ ಇಳಿದಿತ್ತು. ಉಳಿದ ಮೂರಿಂಚು ಮಣ್ಣಾಗಿ ಕೆಳಗೆ ಸೇರಿತ್ತು. ವರ್ಷವರ್ಷವೂ ತುಂಬಬೇಕು; ಹತ್ತು ವರ್ಷ ತಿರುಗಿ ನೋಡಬಾರದು ಎಂಬ ಮೇಷ್ಟ್ರ ಆಸೆ ಈಡೇರಲಿಲ್ಲ. ಅವರೇ ಬೆಳಿಗ್ಗೆ ವಾಕಿಂಗ್‌ಗೆ ಹೋಗುವಾಗ ಚೀಲ ಹಿಡಿದು ಹೋಗುತ್ತಾರೆ, ಎದುರುಮನೆಯವರೂ ತಮ್ಮ ಎಲೆ ತಂದು ಸುರಿಯುತ್ತಾರೆ. ಮಲ್ಲಿಗೆ ದೇವರಿಗಾಗಿ ಮಿಕ್ಕು ಮುಡಿಗೂ ಆಗುತ್ತಿದೆ. ಹಲಸಿನ ಸಸಿ ಮೇಷ್ಟ್ರ ಭುಜ ದಾಟಿದೆ. ಕೇಪಳದ ಆರರಲ್ಲಿ ನಾಲ್ಕು ಹಸಿರಾಗಿವೆ, ಒಂದು ಸತ್ತಿತು. ಗೇಟಿನ ಬಳಿಯ ಇನ್ನೊಂದಕ್ಕೆ ಚಿಗುರು ಇನ್ನೂ ಹಳದಿಯೇ. ಅದರ ಬುಡದಲ್ಲಿ ಕಂಬಿ ಹಾಕಿ ನೋಡಿದರೆ ಒಂದಡಿ ಕೆಳಗೆ ಗಾರೆಯ ಹೆಂಟೆ ತಾಗುತ್ತದೆ, ಕಾಂಪೌಂಡ್ ಕಟ್ಟಿದವರು ಕಲಸಿ ಮಿಕ್ಕಿದ್ದನ್ನು ಅಲ್ಲೇ ಸುರಿದಿರಬೇಕು. ಈ ಸಲ ಭರಣಿ ಮಳೆ ಬಿದ್ದು ನೆಲ ಮೆತ್ತಗಾದ ಮೇಲೆ ಅದನ್ನು ಅಗೆದು ತೆಗೆಯುವುದಿದೆ. ಮೇಷ್ಟ್ರು ಗುದ್ದಲಿಗೆ ಹೊಸ ಕಾವು ಹಾಕಿಸಿ ಇಟ್ಟಿದ್ದಾರೆ.